ಮನಶ್ಶಾಂತಿ ಮತ್ತು ಮನಸ್ಸಿನ ಲೆಕ್ಕ

ಇಂದು ಎಲ್ಲರ ಬಾಯಲ್ಲೂ ಮನಶ್ಶಾಂತಿಯ ಮಾತಿದೆ. ಅದನ್ನು ಕಲಿಸುವ ಶಿಬಿರಗಳಿವೆ, ಪುಸ್ತಕಗಳಿವೆ, ಮೊಬೈಲಿನಲ್ಲಿ ಉಸಿರು ಎಣಿಸಿ ಹೇಳುವ ಆ್ಯಪ್‌ಗಳೂ ಇವೆ. ನಮ್ಮ ಮನೆಯ ಮಕ್ಕಳು ಕಾಲೇಜಿನಲ್ಲಿ, ಕಚೇರಿಯಲ್ಲಿ ಈ ಮಾತುಗಳನ್ನು ಕೇಳಿ ಬಂದು, ಇಸ್ಲಾಮಿನಲ್ಲಿ ಧ್ಯಾನ ಇದೆಯೇ ಎಂದು ಪ್ರಶ್ನಿಸುತ್ತಾರೆ. ನಾವು ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಕೊಡುತ್ತೇವೆ. ಅದು ಬೇರೆಯವರ ಸಂಗತಿ, ನಮಗೆ ಬೇಡ ಎಂಬುದು ಒಂದು. ನಮಾಝಿಗಿಂತ ದೊಡ್ಡ ಧ್ಯಾನ ಯಾವುದಿದೆ ಎಂಬುದು ಇನ್ನೊಂದು. ಎರಡನೆಯ ಉತ್ತರ ಸತ್ಯಕ್ಕೆ ಹತ್ತಿರವಾಗಿದೆ. ಆದರೆ ಹಾಗೆ ಉತ್ತರಿಸಿದ ತಂದೆ ಅಂದಿನ ಅಸ್ರ್ ನಮಾಝಿನ ನಾಲ್ಕು ರಕಅತ್‌ಗಳಲ್ಲೂ ಅಂಗಡಿಯ ಬಾಕಿ ವಸೂಲಿಯ ಚಿಂತೆಯಲ್ಲೇ ನಿಂತಿದ್ದರೆ, ಮಗನಿಗೆ ಸಿಕ್ಕಿದ್ದು ಉತ್ತರದ ಅರ್ಧ ಭಾಗ ಮಾತ್ರ.

ಬೇರೆಯವರ ಸಂಗತಿ ಎಂದು ತಳ್ಳಿಹಾಕುವ ಮೊದಲು ಅದು ಏನೆಂದು ತಿಳಿದಿರುವುದು ನ್ಯಾಯ. ಈಗ ಮೈಂಡ್‌ಫುಲ್‌ನೆಸ್ ಎಂದು ಕರೆಯಲಾಗುವ ಅಭ್ಯಾಸದ ಬೇರು ಬೌದ್ಧರ ವಿಪಶ್ಯನ ಮತ್ತು ಝೆನ್ ಸಂಪ್ರದಾಯಗಳಲ್ಲಿದೆ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್ ಝಿನ್ ಎಂಬವರು, ಬಹುಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ, ಅದರ ಧಾರ್ಮಿಕ ವಿಧಿಗಳನ್ನು ಬಿಟ್ಟು ಎಂಟು ವಾರಗಳ ಒಂದು ತರಬೇತಿಯನ್ನು ರೂಪಿಸಿದರು. ಉಸಿರಿನ ಮೇಲೆ, ದೇಹದ ಮೇಲೆ, ಕೈಯಲ್ಲಿರುವ ಕೆಲಸದ ಮೇಲೆ ಗಮನವಿಡುವುದು, ಗಮನ ಓಡಿಹೋದಾಗ ಸಿಟ್ಟಾಗದೆ ಅದನ್ನು ಮರಳಿ ತರುವುದು ಅದರ ಸಾರ. ನೋವು, ಆತಂಕ ಇರುವ ಅನೇಕರಿಗೆ ಇದರಿಂದ ಉಪಕಾರವಾಗಿದೆ. ಅದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಶಾಂತಿ ಯಾತಕ್ಕಾಗಿ? ನೌಕರರಿಂದ ದಿನಕ್ಕೆ ಹನ್ನೆರಡು ಗಂಟೆ ದುಡಿಸಿಕೊಳ್ಳುವ ಕಂಪೆನಿಯೊಂದು ವಾರಕ್ಕೊಮ್ಮೆ ಅವರಿಗೆ ಉಸಿರಾಟದ ತರಗತಿ ಏರ್ಪಡಿಸಿದರೆ, ಅಲ್ಲಿ ಶಾಂತಿಯು ಹಲ್ಲುನೋವಿನ ಮಾತ್ರೆಯಂತೆ ಕೆಲಸ ಮಾಡುತ್ತದೆ. ನೋವು ಅಡಗುತ್ತದೆ, ಹುಳುಕು ಉಳಿಯುತ್ತದೆ. ಇದು ಕಂಪೆನಿಗಳಿಗೆ ಮಾತ್ರ ಹೇಳುವ ಮಾತಲ್ಲ. ಝಿಕ್ರ್‌ನ ಮಜ್ಲಿಸಿನಲ್ಲಿ ಕಣ್ಣೀರು ಸುರಿಸಿ ಹಗುರಾಗಿ ಮನೆಗೆ ಮರಳುವ ಮನುಷ್ಯ, ತಂಗಿಯ ಪಾಲಿನ ಆಸ್ತಿಯನ್ನು ಹಾಗೆಯೇ ಇಟ್ಟುಕೊಂಡಿದ್ದರೆ, ಆ ಹಗುರತನಕ್ಕೆ ಏನೆಂದು ಹೆಸರಿಡಬೇಕು?

ರಕೀಬ್ ಮತ್ತು ಹಸೀಬ್

ಹೃದಯದ ಎಚ್ಚರಕ್ಕೆ ಇಸ್ಲಾಮೀ ವಿದ್ವಾಂಸರು ಕೊಟ್ಟ ಹೆಸರು ಮುರಾಕಬಾ. ಕಾಯುವುದು, ಕಣ್ಣಿಡುವುದು ಎಂಬುದು ಅದರ ಧಾತುವಿನ ಅರ್ಥ. ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯಿಡೀ ಕುಳಿತು ಹಂದಿ ಕಾಯುವ ರೈತನನ್ನು ನೆನೆದರೆ ಆ ಪದ ಅರ್ಥವಾದೀತು. ಅವನು ಸದ್ದಿಲ್ಲದೆ ಕುಳಿತಿದ್ದಾನೆ, ಆದರೆ ನಿದ್ರಿಸಿಲ್ಲ. ಇದರ ವಿರುದ್ಧ ಪದ ಗಫ್ಲತ್. ಅದಕ್ಕೆ ಕನ್ನಡದಲ್ಲಿ ಮೈಮರೆವು ಎನ್ನಬಹುದು. ನಮ್ಮ ಭಾಷೆಯಲ್ಲಿ ಈ ಪದಕ್ಕೆ ಎರಡು ಮುಖಗಳಿವೆ. ಹಾಡು ಕೇಳಿ ಮೈಮರೆತ ಎಂದರೆ ಹೊಗಳಿಕೆ, ರಸ್ತೆ ದಾಟುವಾಗ ಮೈಮರೆತ ಎಂದರೆ ಬೈಗುಳ. ಧ್ಯಾನವೆಂದ ಕೂಡಲೇ ಜನರು ಮೊದಲನೆಯ ಬಗೆಯ ಮೈಮರೆವನ್ನು ಕಲ್ಪಿಸಿಕೊಳ್ಳುತ್ತಾರೆ. ಮುರಾಕಬಾದಲ್ಲಿ ಎರಡಕ್ಕೂ ಸ್ಥಳವಿಲ್ಲ.

ಜಿಬ್ರೀಲ್(ಅ)ರವರು ಮನುಷ್ಯರೂಪದಲ್ಲಿ ಬಂದು ಪ್ರವಾದಿ(ಸ)ರವರೊಡನೆ ಈಮಾನ್, ಇಸ್ಲಾಮ್, ಇಹ್ಸಾನ್ ಎಂದರೇನೆಂದು ಕೇಳಿದ ಹದೀಸನ್ನು ಮದ್ರಸದ ಮಕ್ಕಳೂ ಬಲ್ಲರು. ಅಲ್ಲಾಹನನ್ನು ಕಣ್ಣಾರೆ ಕಾಣುತ್ತಿರುವವನಂತೆ ಆರಾಧಿಸುವುದು, ಆ ಮಟ್ಟ ತಲುಪದಿದ್ದರೆ ಅವನು ತನ್ನನ್ನು ಕಾಣುತ್ತಿದ್ದಾನೆ ಎಂಬ ಅರಿವಿನಿಂದ ಆರಾಧಿಸುವುದೇ ಇಹ್ಸಾನ್ ಎಂದು ಅಲ್ಲಿ ತಿಳಿಸಲಾಗಿದೆ. ಮುರಾಕಬಾದ ಬುನಾದಿ ಇದು. ಉಸಿರನ್ನು ಗಮನಿಸುವವನು ತನ್ನನ್ನು ತಾನು ನೋಡಿಕೊಳ್ಳುತ್ತಾನೆ. ಮುರಾಕಬಾದಲ್ಲಿರುವವನು, ತನ್ನನ್ನು ನೋಡುತ್ತಿರುವವನೊಬ್ಬನಿದ್ದಾನೆ ಎಂಬ ಅರಿವಿನಿಂದ ತನ್ನನ್ನು ನೋಡಿಕೊಳ್ಳುತ್ತಾನೆ. ಎರಡರ ನಡುವೆ ಇರುವ ಅಂತರ ಸಣ್ಣದಲ್ಲ.

ಅಲ್ಲಾಹನ ಹೆಸರುಗಳಲ್ಲಿ ಅರ್ರಕೀಬ್ ಎಂಬುದೂ ಒಂದು. ಈ ಹೆಸರನ್ನು ನಾವು ಎಲ್ಲಿ ಹೆಚ್ಚಾಗಿ ಕೇಳುತ್ತೇವೆ? ನಿಕಾಹ್‌ನ ಖುತ್ಬಾದಲ್ಲಿ. ಅಲ್ಲಿ ಓದಲಾಗುವ ಸೂಕ್ತಗಳಲ್ಲಿ ಸೂರಃ ಅನ್ನಿಸಾದ ಮೊದಲ ಸೂಕ್ತವಿದೆ (4:1). ಮನುಷ್ಯರೆಲ್ಲರೂ ಒಂದೇ ಜೀವದಿಂದ ಹುಟ್ಟಿದವರೆಂದು ಅದು ನೆನಪಿಸುತ್ತದೆ. ಅಲ್ಲಾಹನ ವಿಷಯದಲ್ಲೂ ರಕ್ತಸಂಬಂಧಗಳ ವಿಷಯದಲ್ಲೂ ಎಚ್ಚರದಿಂದಿರಲು ಆಜ್ಞಾಪಿಸುತ್ತದೆ. ಅಲ್ಲಾಹನು ನಮ್ಮ ಮೇಲೆ ರಕೀಬ್, ಅಂದರೆ ಕಣ್ಣಿಟ್ಟಿರುವವನು ಎಂಬ ಎಚ್ಚರಿಕೆಯೊಂದಿಗೆ ಮುಗಿಯುತ್ತದೆ. ವರನೂ ವಧುವಿನ ತಂದೆಯೂ ಸಾಕ್ಷಿಗಳೂ ಕಿವಿಯಾರೆ ಕೇಳುವ ಮಾತು ಇದು. ಅರಬಿಯಲ್ಲಿರುವುದರಿಂದ ಅದು ಕಿವಿಯಲ್ಲೇ ನಿಂತುಬಿಡುತ್ತದೆ. ವರದಕ್ಷಿಣೆಯ ಲೆಕ್ಕ ಅದಾಗಲೇ ಮುಗಿದಿರುತ್ತದೆ.

ಇನ್ನು ಆ ಸೂಕ್ತದ ಮುಂದೆ ಏನಿದೆ ನೋಡಿ. ಎರಡನೆಯ ಸೂಕ್ತದಲ್ಲೇ ಅನಾಥರ ಸೊತ್ತಿನ ವಿಷಯ ಬರುತ್ತದೆ. ಅವರ ಒಳ್ಳೆಯ ವಸ್ತುವನ್ನು ತೆಗೆದುಕೊಂಡು ಕಳಪೆಯನ್ನು ಅದರ ಜಾಗದಲ್ಲಿಡಬಾರದು, ಅವರದ್ದನ್ನು ನಮ್ಮದರೊಂದಿಗೆ ಸೇರಿಸಿ ನುಂಗಬಾರದು. ಆರನೆಯ ಸೂಕ್ತದಲ್ಲಿ, ಅನಾಥನು ಪ್ರೌಢನಾದಾಗ ಅವನ ಸೊತ್ತನ್ನು ಸಾಕ್ಷಿಗಳ ಮುಂದೆ ಒಪ್ಪಿಸಬೇಕೆಂಬ ಆಜ್ಞೆಯಿದೆ. ಆ ಸೂಕ್ತವು ಅಲ್ಲಾಹನು ಹಸೀಬ್ ಆಗಿ, ಅಂದರೆ ಲೆಕ್ಕ ಕೇಳುವವನಾಗಿ ಸಾಕು ಎಂಬ ಅರ್ಥದ ಮಾತಿನೊಂದಿಗೆ ಮುಗಿಯುತ್ತದೆ. ಏಳನೆಯದರಲ್ಲಿ ತಂದೆತಾಯಿ ಹಾಗೂ ಹತ್ತಿರದ ಬಂಧುಗಳು ಬಿಟ್ಟುಹೋದ ಆಸ್ತಿಯಲ್ಲಿ, ಅದು ಕೊಂಚವಿರಲಿ ಹೆಚ್ಚಿರಲಿ, ಗಂಡಸರಿಗಿರುವಂತೆ ಹೆಂಗಸರಿಗೂ ಪಾಲು ನಿಗದಿಯಾಗಿದೆ. ಹತ್ತನೆಯದು ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂದು ಎಚ್ಚರಿಸುತ್ತದೆ. ಹನ್ನೊಂದನೆಯದು ಪಾಲುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತದೆ.

ಮುರಾಕಬಾ ಎಂಬುದು ರಕೀಬ್‌ನ ಧಾತುವಿನಿಂದ ಬಂದ ಪದ, ಮುಹಾಸಬಾ ಅಂದರೆ ಆತ್ಮಪರಿಶೋಧನೆ ಎಂಬುದು ಹಸೀಬ್‌ನ ಧಾತುವಿನಿಂದ ಬಂದದ್ದು. ಮುಂದೆ ಸೂಫಿ ಮಹಾಪುರುಷರು ಗ್ರಂಥಗಳನ್ನೇ ಬರೆದ ಈ ಎರಡು ವಿಷಯಗಳ ಬೀಜಗಳು ಇಲ್ಲಿ ಆರು ಸೂಕ್ತಗಳೊಳಗೆ ಇವೆ. ಅವೆರಡರ ನಡುವೆ ಇರುವುದು ಅನಾಥನ ಪೆಟ್ಟಿಗೆ, ಅವುಗಳ ಹಿಂದೆಯೇ ಬರುವುದು ಹೆಣ್ಣುಮಗಳ ಪಾಲು. ಹೃದಯದ ಎಚ್ಚರವನ್ನು ಕುರ್‌ಆನ್ ಗುಹೆಯೊಳಗೆ ಇಡದೆ ಆಸ್ತಿಪತ್ರದ ಮುಂದೆ ತಂದು ಕೂರಿಸಿದೆ.

ನಮ್ಮ ಕಡೆ ತಂದೆ ತೀರಿಕೊಂಡ ಬಳಿಕ ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಅಪರೂಪದ ಸಂಗತಿಯೇನಲ್ಲ. ಅವಳ ಮದುವೆಗೆ ಅಷ್ಟು ಖರ್ಚು ಮಾಡಿದ್ದೇವಲ್ಲ ಎಂಬ ಸಮರ್ಥನೆಯೂ ಸಿದ್ಧವಿರುತ್ತದೆ. ತಂದೆ ಬದುಕಿರುವಾಗ ಮಗಳ ಮದುವೆಗೆ ಖರ್ಚು ಮಾಡಿದ್ದು ತಂದೆಯ ಕರ್ತವ್ಯವೋ ಪ್ರೀತಿಯೋ ಆಗಿತ್ತು, ಅವಳ ಪಾಲಿನ ಮುಂಗಡ ಹಣವಾಗಿರಲಿಲ್ಲ. ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ಹಾಕಿದ ಸಹಿಯನ್ನು ಸಂತೋಷದಿಂದ ಬಿಟ್ಟುಕೊಟ್ಟ ಹಕ್ಕು ಎನ್ನಲಾಗದು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮನಸ್ಸಿನ ಶಾಂತಿಯ ಬಗ್ಗೆ ಮಾತಾಡುವಾಗ ಇಂತಹ ವಿಷಯ ಎತ್ತುವುದು ಔಚಿತ್ಯವಲ್ಲವೆಂದು ಹಲವರು ಭಾವಿಸುತ್ತಾರೆ. ಸೂರಃ ಅನ್ನಿಸಾ ಹಾಗೆ ಭಾವಿಸಿಲ್ಲ.

ನಮಾಝಿನ ನಿಲುಗಡೆಗಳು

ಗಮನವನ್ನು ಪಳಗಿಸುವ ದಿನನಿತ್ಯದ ಶಾಲೆ ನಮಾಝ್. ಒಮ್ಮೆ ಮಸೀದಿಗೆ ಬಂದ ಒಬ್ಬ ವ್ಯಕ್ತಿ ಬೇಗಬೇಗನೆ ನಮಾಝ್ ಮುಗಿಸಿ ಬಂದು ಸಲಾಮ್ ಹೇಳಿದಾಗ ಪ್ರವಾದಿ(ಸ)ರವರು, ಮರಳಿ ಹೋಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ ಎಂದು ಮೂರು ಸಲ ಕಳುಹಿಸಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಕೊನೆಗೆ ಅವರು ಕಲಿಸಿದ್ದೇನು? ರುಕೂಅ್‌ನಲ್ಲಿ ಅಂಗಗಳು ಶಾಂತವಾಗುವ ತನಕ ನಿಲ್ಲಬೇಕು, ಎದ್ದಾಗ ನೆಟ್ಟಗೆ ನಿಲ್ಲಬೇಕು, ಸುಜೂದ್‌ನಲ್ಲಿ ಶಾಂತವಾಗಬೇಕು, ಎರಡು ಸುಜೂದ್‌ಗಳ ನಡುವೆ ಶಾಂತವಾಗಿ ಕೂರಬೇಕು. ಈ ಶಾಂತತೆಗೆ ತುಮಅ್‌ನೀನತ್ ಎಂದು ಹೆಸರು. ಅಲ್ಲಾಹನ ಸ್ಮರಣೆಯಿಂದ ಹೃದಯಗಳು ನೆಮ್ಮದಿ ಪಡೆಯುತ್ತವೆ ಎಂಬ ಪ್ರಸಿದ್ಧ ಸೂಕ್ತದಲ್ಲಿ (13:28) ನೆಮ್ಮದಿಗೆ ಬಳಸಿರುವುದೂ ಇದೇ ಧಾತು. ಮೈ ನಿಲ್ಲದೆ ಮನಸ್ಸು ನಿಲ್ಲದು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಗೆ ಕಲಿಸಬಹುದು?

ನಮಾಝಿನಲ್ಲಿ ಯೋಚನೆಗಳು ಬರುತ್ತವೆ ಎಂದು ಕೊರಗುವವರು ಬಹಳ. ಸೂರಃ ಅಲ್ ಮಾಊನ್‌ನಲ್ಲಿ ನಮಾಝಿನ ಬಗ್ಗೆ ಅಲಕ್ಷ್ಯ ತೋರುವ ನಮಾಝಿಗರಿಗೆ ನಾಶದ ಎಚ್ಚರಿಕೆಯಿದೆ (107:4-5). ಅಲ್ಲಿನ ಪದ ನಮಾಝಿನೊಳಗಿನ ಮರೆವನ್ನು ಸೂಚಿಸುವುದಿಲ್ಲ, ನಮಾಝಿನ ಬಗೆಗಿನ ಅಲಕ್ಷ್ಯವನ್ನು ಸೂಚಿಸುತ್ತದೆ ಎಂದು ವ್ಯಾಖ್ಯಾನಕಾರರು ಗಮನಿಸಿದ್ದಾರೆ. ಒಂದು ಸಣ್ಣ ಅವ್ಯಯ ಪದದ ವ್ಯತ್ಯಾಸ, ಆದರೆ ನಮ್ಮಂಥವರಿಗೆ ಎಷ್ಟು ದೊಡ್ಡ ರಿಯಾಯಿತಿ! ಯೋಚನೆ ಬಂದರೆ ಅದನ್ನು ಬಿಟ್ಟು ಓದುತ್ತಿರುವ ಮಾತಿನ ಅರ್ಥಕ್ಕೆ ಮರಳಬೇಕು. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಮರಳಬೇಕು. ಫಾತಿಹಾದ ಏಳು ಸೂಕ್ತಗಳ ಕನ್ನಡ ಅರ್ಥವನ್ನಾದರೂ ಬಾಯಿಪಾಠ ಮಾಡಿಕೊಂಡವನಿಗೆ ಮರಳಲು ಒಂದು ಜಾಗವಿರುತ್ತದೆ. ಅರ್ಥ ತಿಳಿಯದವನು ಎಲ್ಲಿಗೆ ಮರಳಬೇಕು? ಕರಾವಳಿಯ ಅನೇಕ ಮನೆಗಳಲ್ಲಿ ಹದ್ದಾದ್ ಓದುವ ರೂಢಿಯಿದೆ. ಒಂದೇ ಉಸಿರಿನಲ್ಲಿ ರೈಲು ಓಡಿಸಿದಂತೆ ಅದನ್ನು ಮುಗಿಸುವುದಕ್ಕೂ ಒಂದೊಂದು ವಾಕ್ಯದಲ್ಲಿ ನಿಂತು ಓದುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ವಾರ ಪರೀಕ್ಷಿಸಿ ನೋಡಬಹುದು.

ಅದೇ ಸೂರಃ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ? ಅನಾಥನನ್ನು ದಬ್ಬುವವನಿಂದ, ಬಡವನಿಗೆ ಉಣಬಡಿಸಲು ಪ್ರೇರೇಪಿಸದವನಿಂದ ಆರಂಭ. ಮಾಊನ್ ನಿರಾಕರಿಸುವವರಲ್ಲಿ ಮುಕ್ತಾಯ. ಪ್ರವಾದಿ(ಸ)ರವರ ಕಾಲದಲ್ಲಿ ಕೊಡ, ಅಡುಗೆಯ ಪಾತ್ರೆಗಳಂತಹ ವಸ್ತುಗಳನ್ನು ನೆರೆಯವರಿಗೆ ಎರವಲು ಕೊಡುವುದನ್ನೇ ನಾವು ಮಾಊನ್ ಎಂದು ಪರಿಗಣಿಸುತ್ತಿದ್ದೆವೆಂದು ಇಬ್ನು ಮಸ್‌ಊದ್(ರ) ತಿಳಿಸಿದ್ದಾರೆ. ಏಳು ಪುಟ್ಟ ಸೂಕ್ತಗಳಲ್ಲಿ ಒಂದು ಕಡೆ ಅನಾಥ, ಇನ್ನೊಂದು ಕಡೆ ನೆರೆಮನೆಗೆ ಕೊಡದ ಕೊಡ, ನಡುವೆ ಅಲಕ್ಷ್ಯದ ನಮಾಝ್! ಒಂದು ಕಡೆ ಗಮನ ಸತ್ತರೆ ಇನ್ನೊಂದು ಕಡೆಯೂ ಸಾಯುತ್ತದೆ.

ಹಾಗಾದರೆ ಗಮನ ಬದುಕಿರುವ ನಮಾಝ್ ಹೇಗಿರುತ್ತದೆ? ನಮಾಝನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ನಿಂತಿದ್ದ ಪ್ರವಾದಿ(ಸ)ರವರು, ಹಿಂದಿನ ಸಾಲಿನಲ್ಲಿ ಮಗುವೊಂದು ಅಳುವುದನ್ನು ಕೇಳಿದರೆ ಅದರ ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನು ಚಿಕ್ಕದು ಮಾಡುತ್ತಿದ್ದರು. ಇದು ಬುಖಾರಿಯಲ್ಲಿರುವ ಹದೀಸ್. ಅವರಷ್ಟು ಭಯಭಕ್ತಿಯಿಂದ ನಿಂತವರು ಯಾರಿದ್ದಾರೆ? ಆದರೂ ಆ ಅಳು ಅವರಿಗೆ ಕೇಳಿಸಿತು. ನಮ್ಮಲ್ಲಿ ಮಗು ಅತ್ತರೆ ಸಲಾಮ್ ಹೇಳಿದ ಕೂಡಲೇ ನಾಲ್ಕು ಕತ್ತುಗಳು ಹಿಂದಕ್ಕೆ ತಿರುಗಿ ದುರುಗುಟ್ಟುತ್ತವೆ.

ಹಿರಾ ಗುಹೆಯ ವಿಷಯವೂ ಹೀಗೆಯೇ. ಪ್ರವಾದಿತ್ವಕ್ಕೆ ಮುಂಚೆ ಅವರು ಅಲ್ಲಿ ಏಕಾಂತದಲ್ಲಿ ಆರಾಧನೆ ನಡೆಸುತ್ತಿದ್ದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಮೊದಲ ದಿವ್ಯಸಂದೇಶದ ಬಳಿಕ ನಡುಗುತ್ತಾ ಮನೆಗೆ ಬಂದ ಅವರನ್ನು ಖದೀಜಾ(ರ) ಸಂತೈಸಿದ್ದು ಯಾವ ಮಾತುಗಳಿಂದ ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಾಹನು ನಿಮ್ಮನ್ನು ಎಂದಿಗೂ ಅಪಮಾನಗೊಳಿಸಲಾರ ಎಂದ ಆ ಮಹಿಳೆ ಕೊಟ್ಟ ಕಾರಣಗಳಲ್ಲಿ ಗುಹೆಯ ಏಕಾಂತ ಸೇರಿರಲಿಲ್ಲ. ಬಂಧುಗಳೊಂದಿಗೆ ಸಂಬಂಧ ಉಳಿಸಿಕೊಳ್ಳುವುದು, ಅಶಕ್ತರ ಹೊರೆ ಹೊರುವುದು, ಇಲ್ಲದವರಿಗೆ ಗಳಿಸಿಕೊಡುವುದು, ಅತಿಥಿಗಳನ್ನು ಸತ್ಕರಿಸುವುದು, ಆಪತ್ತಿನಲ್ಲಿ ನೆರವಾಗುವುದು - ಇವುಗಳನ್ನೇ ಅವರು ಎಣಿಸಿದರು. ಹದಿನೈದು ವರ್ಷ ಸಂಸಾರ ಮಾಡಿದ ಪತ್ನಿಯ ಸಾಕ್ಷ್ಯ ಇದು.

ಗಝ್ಝಾಲಿಯವರ ಲೆಕ್ಕದ ಪುಸ್ತಕ

ಲೆಕ್ಕ ಕೇಳಲ್ಪಡುವ ಮುಂಚೆಯೇ ನಿಮ್ಮ ಲೆಕ್ಕವನ್ನು ನೀವೇ ನೋಡಿಕೊಳ್ಳಿರಿ ಎಂದು ಜನರಿಗೆ ಉಪದೇಶಿಸಿದವರು ಉಮರ್(ರ). ಹಿಜರಿ 243ರಲ್ಲಿ (ಕ್ರಿ.ಶ. 857) ನಿಧನರಾದ ಬಗ್ದಾದಿನ ಹಾರಿಸ್ ಅಲ್ ಮುಹಾಸಿಬಿಯವರಿಗೆ ಆ ಹೆಸರು ಬಂದದ್ದೇ ಈ ಲೆಕ್ಕಾಚಾರದಿಂದ. ಆದರೆ ಇದನ್ನು ಸಾಮಾನ್ಯ ಗೃಹಸ್ಥನೂ ಆಚರಿಸಬಹುದಾದ ಕ್ರಮವಾಗಿ ಬಿಡಿಸಿಟ್ಟವರು ಇಮಾಮ್ ಗಝ್ಝಾಲಿ(ರ).

ಅವರಿಗೆ ಈ ವಿಷಯ ಪುಸ್ತಕದಿಂದ ಬಂದದ್ದಲ್ಲ. 1058ರಲ್ಲಿ ತೂಸ್‌ನಲ್ಲಿ ಹುಟ್ಟಿದ ಅವರು 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಅಧ್ಯಾಪಕರಾದರು. ಆ ಕಾಲದ ವಿದ್ವಾಂಸನೊಬ್ಬನಿಗೆ ಅದಕ್ಕಿಂತ ಎತ್ತರದ ಪೀಠ ಇರಲಿಲ್ಲ. ನಾಲ್ಕು ವರ್ಷಗಳ ಬಳಿಕ, 1095ರಲ್ಲಿ, ಪಾಠ ಹೇಳಲು ಕುಳಿತಾಗ ನಾಲಗೆಯೇ ಹೊರಳದಂತಾಯಿತು. ಅನ್ನ ಗಂಟಲಿಗಿಳಿಯಲಿಲ್ಲ. ವೈದ್ಯರು, ಇದು ಮನಸ್ಸಿನಿಂದ ಹುಟ್ಟಿದ ರೋಗವೆಂದು ಕೈಚೆಲ್ಲಿದರು. ತಾನು ಪಾಠ ಹೇಳುತ್ತಿರುವುದು ಅಲ್ಲಾಹನಿಗಾಗಿಯೋ ಕೀರ್ತಿಗಾಗಿಯೋ ಎಂದು ತನ್ನನ್ನೇ ಕೇಳಿಕೊಂಡು, ಕೀರ್ತಿಗಾಗಿ ಎಂಬ ಉತ್ತರ ಪಡೆದುದನ್ನು ಅವರು ತನ್ನ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕುಟುಂಬಕ್ಕೆ ಬೇಕಾದಷ್ಟನ್ನು ಇಟ್ಟು ಉಳಿದುದನ್ನು ಹಂಚಿ ಬಗ್ದಾದ್ ತೊರೆದರು. ದಮಾಸ್ಕಸ್‌ನ ಮಸೀದಿಯ ಮಿನಾರದಲ್ಲಿ ಬಾಗಿಲು ಹಾಕಿಕೊಂಡು ದಿನಗಳನ್ನು ಕಳೆದರು. ಆದರೆ ಅವರ ಕಥೆ ಮಿನಾರದಲ್ಲೇ ಮುಗಿಯುವುದಿಲ್ಲ. 1106ರಲ್ಲಿ ಅವರು ನೈಶಾಪೂರಿನಲ್ಲಿ ಮತ್ತೆ ಪಾಠ ಹೇಳತೊಡಗಿದರು. ಹೊರಗಿನಿಂದ ನೋಡಿದರೆ ಅದೇ ಹಳೆಯ ಉದ್ಯೋಗ. 1111ರಲ್ಲಿ ತೂಸ್‌ನಲ್ಲಿ ತೀರಿಕೊಂಡರು.

ಅವರ ಇಹ್ಯಾ ಉಲೂಮಿದ್ದೀನ್ ಗ್ರಂಥದ ನಲ್ವತ್ತು ಭಾಗಗಳಲ್ಲಿ ಮೂವತ್ತೆಂಟನೆಯದು ಮುರಾಕಬಾ ಮತ್ತು ಮುಹಾಸಬಾಕ್ಕೆ ಮೀಸಲು. ಅಲ್ಲಿನ ಹೋಲಿಕೆ ನಮ್ಮ ವ್ಯಾಪಾರಿಗಳಿಗೆ ತಟ್ಟನೆ ಅರ್ಥವಾಗುವಂಥದ್ದು. ಮನಸ್ಸು ನಮ್ಮ ವ್ಯಾಪಾರದ ಪಾಲುದಾರ, ಬಂಡವಾಳ ನಮ್ಮ ಆಯುಷ್ಯ. ಪಾಲುದಾರನನ್ನು ಹೇಗೆ ನಡೆಸಿಕೊಳ್ಳುತ್ತೇವೆ? ಬೆಳಿಗ್ಗೆ ಫಜ್ರ್ ನಮಾಝಿನ ಬಳಿಕ ಅವನೊಂದಿಗೆ ಕರಾರು ಮಾಡಿಕೊಳ್ಳಬೇಕು. ಇದು ಮುಶಾರತಾ. ಇವತ್ತು ನನಗೆ ಒಂದು ದಿನ ಸಿಕ್ಕಿದೆ. ಕಣ್ಣು, ಕಿವಿ, ನಾಲಗೆ, ಹೊಟ್ಟೆ, ಕೈ, ಕಾಲುಗಳನ್ನು ನಿನ್ನ ವಶಕ್ಕೆ ಕೊಡುತ್ತಿದ್ದೇನೆ, ಹಾಳು ಮಾಡಬೇಡ ಎಂಬಂತೆ. ಬಳಿಕ ಹಗಲಿಡೀ ಅವನ ಮೇಲೆ ಕಣ್ಣಿಡಬೇಕು. ಇದು ಮುರಾಕಬಾ. ಪ್ರತಿಯೊಂದು ಕೆಲಸದ ಮುಂಚೆ ಒಂದು ಕ್ಷಣ ನಿಂತು, ಇದು ಯಾರಿಗಾಗಿ ಎಂದು ಕೇಳಬೇಕು. ಕೆಲಸದ ನಡುವೆ, ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಬೇಕು. ರಾತ್ರಿ ಲೆಕ್ಕ ನೋಡಬೇಕು. ಇದು ಮುಹಾಸಬಾ. ಕಡ್ಡಾಯ ಕರ್ತವ್ಯಗಳು ಬಂಡವಾಳ, ಐಚ್ಛಿಕ ಪುಣ್ಯಕರ್ಮಗಳು ಲಾಭ, ಪಾಪಗಳು ನಷ್ಟ.

ನಷ್ಟ ಕಂಡುಬಂದರೆ ಸುಮ್ಮನಿರಬಾರದು. ದಂಡ ವಿಧಿಸಬೇಕು, ಬಳಿಕ ಹೆಚ್ಚಿನ ಶ್ರಮಕ್ಕೆ ಹಚ್ಚಬೇಕು, ಕೊನೆಗೆ ಮನಸ್ಸನ್ನು ಗದರಿಸಬೇಕು. ಒಟ್ಟು ಆರು ಹಂತಗಳು. ಅಸ್ರ್ ಜಮಾಅತ್ ತಪ್ಪಿದ್ದಕ್ಕೆ ಉಮರ್(ರ)ರವರು ಬೆಲೆಬಾಳುವ ಜಮೀನೊಂದನ್ನು ದಾನ ಮಾಡಿದ ಸಂಗತಿಯನ್ನು ಗಝ್ಝಾಲಿ ಅಲ್ಲಿ ಉಲ್ಲೇಖಿಸುತ್ತಾರೆ. ಅರವತ್ತು ವರ್ಷದ ಒಬ್ಬ ವ್ಯಕ್ತಿ ತನ್ನ ಆಯುಷ್ಯವನ್ನು ದಿನಗಳಲ್ಲಿ ಲೆಕ್ಕ ಹಾಕಿದಾಗ ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕಿ ಬಂತು. ದಿನಕ್ಕೊಂದೇ ಪಾಪವಾದರೂ ಎಷ್ಟಾಯಿತು ಎಂದು ಅವನು ಕುಸಿದುಬಿದ್ದ. ಮನುಷ್ಯ ಪ್ರತಿಯೊಂದು ಪಾಪಕ್ಕೆ ಒಂದೊಂದು ಕಲ್ಲನ್ನು ಮನೆಯೊಳಗೆ ಎಸೆದರೆ ಬಹುಬೇಗ ಮನೆಯೇ ತುಂಬಿಹೋದೀತು ಎಂಬುದು ಗಝ್ಝಾಲಿಯವರ ಟಿಪ್ಪಣಿ.

ಲೆಕ್ಕದ ಮಾತು ಬಂದಾಗ ದಿವಾಳಿಯ ಹದೀಸನ್ನು ಬಿಡುವಂತಿಲ್ಲ. ಸಹೀಹ್ ಮುಸ್ಲಿಮ್‌ನಲ್ಲಿರುವಂತೆ, ಪ್ರವಾದಿ(ಸ)ರವರ ದೃಷ್ಟಿಯಲ್ಲಿ ನಿಜವಾದ ದಿವಾಳಿಗ ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬರುವವನು. ಆದರೆ ಅವನು ಒಬ್ಬನನ್ನು ಬೈದಿದ್ದಾನೆ, ಒಬ್ಬನ ಮೇಲೆ ಆರೋಪ ಹೊರಿಸಿದ್ದಾನೆ, ಒಬ್ಬನ ಹಣ ತಿಂದಿದ್ದಾನೆ, ಒಬ್ಬನನ್ನು ಹೊಡೆದಿದ್ದಾನೆ. ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ. ಮುಗಿದರೆ ಅವರ ಪಾಪ ಇವನ ತಲೆಗೆ ಬರುತ್ತದೆ. ಇಲ್ಲಿ ಸಾಲಗಾರರಾಗಿ ನಿಂತವರೆಲ್ಲರೂ ಮನುಷ್ಯರೇ ಎಂಬುದನ್ನು ಗಮನಿಸಬೇಕು.

ಮನಸ್ಸು ಪಳಗಿದರೆ ಸಮಾಜ ಬದಲಾಗುವುದೇ?

ಒಂದು ಜನಾಂಗವು ತನ್ನೊಳಗಿರುವುದನ್ನು ಬದಲಾಯಿಸಿಕೊಳ್ಳುವ ತನಕ ಅಲ್ಲಾಹನು ಅದರ ಸ್ಥಿತಿಯನ್ನು ಬದಲಾಯಿಸುವುದಿಲ್ಲ ಎಂಬ ಸೂಕ್ತವನ್ನು (13:11) ನಮ್ಮ ಭಾಷಣಕಾರರು ಬಹಳ ಪ್ರೀತಿಯಿಂದ ಉಲ್ಲೇಖಿಸುತ್ತಾರೆ. ಉದಾಹರಣೆ ಕೇಳಿದರೆ ಮಾತ್ರ ತಡವರಿಸುತ್ತಾರೆ. ಅಷ್ಟೇನೂ ದೂರದ್ದಲ್ಲದ ಒಂದು ಉದಾಹರಣೆ ನಮ್ಮ ಮುಂದಿದೆ.

ವಾಯವ್ಯ ಗಡಿನಾಡಿನ ಪಠಾಣರಲ್ಲಿ ಬದಲ್, ಅಂದರೆ ಸೇಡು ತೀರಿಸುವುದು, ಮರ್ಯಾದೆಯ ಪ್ರಶ್ನೆಯಾಗಿತ್ತು. ಅಜ್ಜನ ಕಾಲದ ಕೊಲೆಗೆ ಮೊಮ್ಮಗ ಕೋವಿ ಎತ್ತುತ್ತಿದ್ದ. 1890ರಲ್ಲಿ ಅಲ್ಲಿ ಹುಟ್ಟಿದ ಖಾನ್ ಅಬ್ದುಲ್ ಗಫ್ಫಾರ್ ಖಾನ್ ಯೌವನದಲ್ಲಿ ಬಾಜೋರ್ ಪ್ರದೇಶದ ಹಳ್ಳಿಯೊಂದರ ಮಸೀದಿಯಲ್ಲಿ ಚಿಲ್ಲಾ ಕುಳಿತು ಉಪವಾಸ, ಪ್ರಾರ್ಥನೆಗಳಲ್ಲಿ ದಿನಗಳನ್ನು ಕಳೆದಿದ್ದರು. ಅಲ್ಲಿಂದ ಎದ್ದು ಹಳ್ಳಿಹಳ್ಳಿ ತಿರುಗಿ ಶಾಲೆ ಕಟ್ಟಿದರು. 1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಎಂಬ ದಳವನ್ನು ಸ್ಥಾಪಿಸಿದರು. ದೇವಸೇವಕರು ಎಂಬುದು ಆ ಹೆಸರಿನ ಅರ್ಥ. ಅಲ್ಲಾಹನಿಗೆ ನಮ್ಮ ಸೇವೆಯ ಅಗತ್ಯವಿಲ್ಲ, ಅವನ ಸೃಷ್ಟಿಯ ಸೇವೆಯೇ ಅವನ ಸೇವೆ ಎಂಬುದು ಅವರ ತಿಳುವಳಿಕೆಯಾಗಿತ್ತು. ಸೇರುವವನು ಪ್ರತಿಜ್ಞೆ ಮಾಡಬೇಕಿತ್ತು. ಹಿಂಸೆ ಮತ್ತು ಸೇಡನ್ನು ಬಿಡುತ್ತೇನೆ, ನನ್ನ ಮೇಲೆ ದೌರ್ಜನ್ಯ ಎಸಗಿದವನನ್ನು ಕ್ಷಮಿಸುತ್ತೇನೆ, ಕುಲವೈರದಿಂದ ದೂರವಿರುತ್ತೇನೆ, ದಿನಕ್ಕೆ ಕನಿಷ್ಠ ಎರಡು ಗಂಟೆ ಸಮಾಜದ ಕೆಲಸ ಮಾಡುತ್ತೇನೆ ಎಂಬಿವು ಅದರಲ್ಲಿದ್ದವು. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಇಟ್ಟಿಗೆ ಬಣ್ಣದ ಅಂಗಿ ತೊಟ್ಟು, ಅವರು ಹಳ್ಳಿ ಗುಡಿಸಿದರು, ನೂಲು ತೆಗೆದರು.

1930ರ ಎಪ್ರಿಲ್ 23ರಂದು ನಾಯಕರ ಬಂಧನವನ್ನು ವಿರೋಧಿಸಿ ಪೇಶಾವರದ ಕಿಸ್ಸಾ ಖ್ವಾನಿ ಬಝಾರಿನಲ್ಲಿ ಸೇರಿದ ಜನರ ಮೇಲೆ ಬ್ರಿಟಿಷರ ಸೇನೆ ಗುಂಡು ಹಾರಿಸಿತು. ಸತ್ತವರ ಬಗ್ಗೆ ಸರಕಾರದ ಲೆಕ್ಕ ಒಂದಾದರೆ ಜನರ ಲೆಕ್ಕ ಇನ್ನೊಂದು. ಸೇನೆಯ ವಾಹನ ಜನರ ಮೇಲೆ ಹರಿದಾಗ ಗುಂಪು ಕೆರಳಿ ಒಂದನ್ನು ಸುಟ್ಟದ್ದೂ ಉಂಟು. ಎಲ್ಲರೂ ಪಳಗಿದವರಾಗಿರಲಿಲ್ಲ. ಆದರೆ ಮನೆಮನೆಯಲ್ಲೂ ಕೋವಿಯಿದ್ದ ಜನಾಂಗ ಅಂದು ಕೋವಿ ತಾರದೆ ಬಂದು, ಗುಂಡಿನ ಮುಂದೆ ನಿಂತಿತು. ಗಢ್ವಾಲ್ ರೈಫಲ್ಸ್‌ನ ಸಿಪಾಯಿಗಳು ಅವರ ಮೇಲೆ ಗುಂಡು ಹಾರಿಸಲು ನಿರಾಕರಿಸಿ ಸೆರೆಮನೆಗೆ ಹೋದರು. ಅವರನ್ನು ಮುನ್ನಡೆಸಿದವರು ಚಂದ್ರಸಿಂಗ್ ಗಢ್ವಾಲಿ. ಆ ಬಳಿಕ ದಳದ ಸದಸ್ಯರ ಸಂಖ್ಯೆ ಹತ್ತಾರು ಸಾವಿರಕ್ಕೇರಿತು.

ಗಫ್ಫಾರ್ ಖಾನರ ರಾಜಕೀಯವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಅದು ಇಲ್ಲಿಯ ಚರ್ಚೆಯಲ್ಲ. ತನ್ನ ಅಹಿಂಸೆಯನ್ನು ಅವರು ಯಾರಿಂದಲೋ ಎರವಲು ಪಡೆದದ್ದೆಂದು ಹೇಳಲಿಲ್ಲ. ಮಕ್ಕಾದ ಹದಿಮೂರು ವರ್ಷಗಳ ಸಬ್ರ್‌ನಿಂದ ಪಡೆದೆನೆಂದರು. ಸಬ್ರ್ ಎಂದರೆ ಕೈಕಟ್ಟಿ ಕೂರುವುದೆಂದು ತಿಳಿದವರು ಆ ಪ್ರತಿಜ್ಞೆಯ ಎರಡು ಗಂಟೆಯನ್ನು ನೆನಪಿಡಬೇಕು. ಸೇಡು ತುಂಬಿದ್ದ ಮನಸ್ಸನ್ನು ಖಾಲಿ ಮಾಡಿ ಬಿಟ್ಟರೆ ಸೇಡು ಮರಳಿ ಬರುತ್ತದೆ. ಅವರು ಆ ಜಾಗದಲ್ಲಿ ಪೊರಕೆ ಮತ್ತು ಚರಕ ಇಟ್ಟರು.

ಮನೆಯಲ್ಲಿ

ನಮ್ಮ ಮನೆಗಳಿಗೆ ಇದರಲ್ಲಿ ಏನಿದೆ? ಇಶಾ ನಮಾಝಿನ ಬಳಿಕ ಹತ್ತು ನಿಮಿಷ ಸಾಕು. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಮುಸಲ್ಲಾದಿಂದ ಏಳದೆ, ಬೆಳಗಿನಿಂದ ನಡೆದುದನ್ನು ಮನಸ್ಸಿನಲ್ಲಿ ಒಮ್ಮೆ ನಡೆಸಿ ನೋಡುವುದು. ಯಾರ ಮೇಲೆ ದನಿ ಎತ್ತಿದೆ? ಯಾರ ಮಾತನ್ನು ಅರ್ಧದಲ್ಲಿ ಕಡಿದೆ? ಕೆಲಸದವಳ ಸಂಬಳ ಎಷ್ಟು ದಿನ ತಡವಾಯಿತು? ಸಿಟ್ಟು ಬಂದಾಗ ನಿಂತವನು ಕೂರಬೇಕು, ಹೋಗದಿದ್ದರೆ ಮಲಗಬೇಕು ಎಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಇದು ಕೂಡ ಮೈಯನ್ನು ನಿಲ್ಲಿಸಿ ಮನಸ್ಸನ್ನು ನಿಲ್ಲಿಸುವ ಉಪಾಯವೇ. ಅಡುಗೆಮನೆಯಲ್ಲಿ ನಾಲ್ಕು ಜನರ ಕೆಲಸ ಒಬ್ಬಳೇ ಮಾಡುವ ಗೃಹಿಣಿಗೆ ಈ ಹತ್ತು ನಿಮಿಷ ಎಲ್ಲಿಂದ ಬರಬೇಕೆಂಬ ಪ್ರಶ್ನೆ ನ್ಯಾಯವಾದದ್ದು. ಅವಳ ಪತಿ ಪಾತ್ರೆ ತೊಳೆದರೆ ಬರುತ್ತದೆ. ರಾತ್ರಿಯಿಡೀ ನಮಾಝಿನಲ್ಲಿ ಕಳೆಯುತ್ತಿದ್ದ ಅಬುದ್ದರ್ದಾ(ರ)ರವರಿಗೆ, ಪ್ರಭುವಿಗೆ ಹಕ್ಕಿರುವಂತೆ ಮೈಗೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ಸಲ್ಮಾನ್(ರ) ಹೇಳಿದಾಗ ಪ್ರವಾದಿ(ಸ)ರವರು ಅದನ್ನು ಸರಿಯೆಂದರು.

ಎರಡು ಎಚ್ಚರಿಕೆಗಳು ಬೇಕು. ಲೆಕ್ಕ ನಮ್ಮದೇ ಆಗಿರಬೇಕು. ಗಂಡ ಹೆಂಡತಿಯ ಮುಹಾಸಬಾ ಮಾಡುವುದು, ಅತ್ತೆ ಸೊಸೆಯದ್ದನ್ನು ಮಾಡುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಊರಿನವರದ್ದನ್ನೆಲ್ಲ ಮಾಡುವುದು ಇಲ್ಲಿ ಉದ್ದೇಶವಲ್ಲ. ಅದಕ್ಕೆ ಯಾರ ಪ್ರೋತ್ಸಾಹವೂ ಬೇಕಿಲ್ಲ. ಇನ್ನೊಂದು, ತಿಂಗಳುಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವವರಿಗೆ, ವುಝೂ ಮತ್ತೆ ಮತ್ತೆ ಮಾಡಿಯೂ ಸಂಶಯ ತೀರದವರಿಗೆ ಈಮಾನ್ ಕಡಿಮೆಯಾಗಿದೆ ಎಂದು ಹೇಳಿ ಇನ್ನಷ್ಟು ಲೆಕ್ಕ ಕೇಳುವುದು ಕ್ರೌರ್ಯ. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿ ಇಳಿಸಿದ್ದಾನೆಂದು ಕಲಿಸಿದ ಪ್ರವಾದಿ(ಸ)ರವರ ಅನುಯಾಯಿಗಳಿಗೆ ಇದರಲ್ಲಿ ನಾಚಿಕೆಯಿಲ್ಲ.

ಲೆಕ್ಕದಲ್ಲಿ ಅಲ್ಲಾಹನಿಗೂ ನಮಗೂ ಇರುವ ಬಾಬತ್ತುಗಳಿಗೆ ತೌಬಾದ ಬಾಗಿಲು ರಾತ್ರಿಯೂ ತೆರೆದಿದೆ. ಮನುಷ್ಯರ ಬಾಬತ್ತು ಬಂದಾಗ ಮುಸಲ್ಲಾದ ಮೇಲೆ ಅದು ತೀರುವುದಿಲ್ಲ. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅಕ್ಕನ ಪಾಲಾಗಿದ್ದರೆ ಸರ್ವೆ ನಂಬರ್ ಸಹಿತ ಬರೆಯಿರಿ. ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವ ಮುಂಚೆ ಮೊದಲ ಫೋನ್ ಆ ಮನೆಗೆ ಹೋಗಲಿ.